ಮೂವರೂ ಮೊದಲು ಬಂದಿದ್ದು ಹೇಗೆ, ಅಂತ ಮತ್ತೆ ಕೇಳಿದ್ದೀರಿ

ಅಕ್ಟೋಬರ್ ಬಂತು ಅಂದರೆ ನನ್ನ ಇನ್‌ಬಾಕ್ಸ್ ತುಂಬ ಸೋಲ್ಡೆನ್. ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದ ಈ ಊರಿನ ಮೇಲೆ ರೆಟೆನ್‌ಬಾಖ್ ಅನ್ನುವ ಹಿಮನದಿ ಇದೆ. ಆಲ್ಪೈನ್ ಸ್ಕೀ ವಿಶ್ವಕಪ್ಪಿನ ಋತು ಶುರುವಾಗುವುದು ಅಲ್ಲಿಂದಲೇ. ಶನಿವಾರ ಹೆಂಗಸರ ಜೈಂಟ್ ಸ್ಲಾಲಮ್, ಭಾನುವಾರ ಗಂಡಸರದು. ಜೈಂಟ್ ಸ್ಲಾಲಮ್ ಅಂದರೆ ಹಿಮದ ಇಳಿಜಾರಿನಲ್ಲಿ ನೆಟ್ಟ ಕಂಬಗಳನ್ನು, ಅಂದರೆ ಗೇಟ್‌ಗಳನ್ನು, ಬಳಸಿ ತಿರುಗುತ್ತ ಸ್ಕೀ ಮೇಲೆ ಇಳಿಯುವ ಸ್ಪರ್ಧೆ; ಉಳಿದದ್ದು ಐದು ನಿಮಿಷ ವಿಡಿಯೋ ನೋಡಿದರೆ ಗೊತ್ತಾಗುತ್ತದೆ. ನಾನು ವರ್ಷಗಟ್ಟಲೆ ಸ್ಟಾಪ್‌ವಾಚ್ ಹಿಡಿದು ಬದುಕಿದವಳು, ಹಾಗಾಗಿ ಕಾಲದ ಲೆಕ್ಕದ ಪ್ರಶ್ನೆ ಬಂದರೆ ಸುಮ್ನೆ ಇರಲು ಆಗುವುದಿಲ್ಲ. ಉಳಿದದ್ದಕ್ಕೆ ಚುಟುಕಾಗಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ, 2002ರಲ್ಲಿ ಸೋಲ್ಡೆನ್‌ನಲ್ಲಿ ಮೂವರು ಹೆಂಗಸರಿಗೆ ಮೊದಲ ಸ್ಥಾನ ಕೊಟ್ಟರಂತೆ. ಅಷ್ಟೆಲ್ಲ ಎಲೆಕ್ಟ್ರಾನಿಕ್ ಗಡಿಯಾರ ಇಟ್ಟುಕೊಂಡು ಸೆಕೆಂಡಿನ ಸಾವಿರದಲ್ಲೊಂದು ಭಾಗ ನೋಡಿ ಒಬ್ಬರನ್ನು ಆರಿಸಬಹುದಿತ್ತಲ್ಲ? ಆಸ್ಟ್ರಿಯಾದ ಹುಡುಗಿಯನ್ನು ಗೆಲ್ಲಿಸಲು ಹೀಗೆ ಮಾಡಿದರು ಅಂತ ಒಂದು ವಿಡಿಯೋದಲ್ಲಿ ನೋಡಿದೆ. ನಿಜವೇ?

ಉತ್ತರ: ಆ ವಿಡಿಯೋ ಮಾಡಿದವರು ನನ್ನ ಕೈಗೆ ಸಿಕ್ಕಿದರೆ ಒಂದು ಸ್ಟಾಪ್‌ವಾಚ್ ಕೊಟ್ಟು ಮೈದಾನದಲ್ಲಿ ನಿಲ್ಲಿಸುತ್ತೇನೆ. ಆಗ ಗೊತ್ತಾಗುತ್ತದೆ.

ನಡೆದದ್ದು ಇಷ್ಟು. 2002ರ ಅಕ್ಟೋಬರ್ 26. ಆಸ್ಟ್ರಿಯಾದ ನಿಕೋಲ್ ಹೊಸ್ಪ್, ಆಗಿನ್ನೂ 18. ಸ್ಲೊವೇನಿಯಾದ ಟೀನಾ ಮಾಝೆ, 19. ನಾರ್ವೆಯ ಆಂಡ್ರಿನ್ ಫ್ಲೆಮೆನ್, 27. ಎರಡು ಸುತ್ತಿನ ಸಮಯ ಕೂಡಿಸಿದಾಗ ಮೂವರದ್ದೂ ನೂರರಲ್ಲೊಂದು ಸೆಕೆಂಡಿನವರೆಗೂ ಒಂದೇ ಅಂಕಿ. ಹೊಸ್ಪ್ ಮತ್ತು ಮಾಝೆ ಇಬ್ಬರಿಗೂ ಅದೇ ಮೊದಲ ವಿಶ್ವಕಪ್ ಗೆಲುವು. ಆಸ್ಟ್ರಿಯಾದವಳನ್ನು ಗೆಲ್ಲಿಸುವುದೇ ಉದ್ದೇಶ ಆಗಿದ್ದರೆ ಪಕ್ಕದಲ್ಲಿ ಸ್ಲೊವೇನಿಯಾದವಳನ್ನೂ ನಾರ್ವೆಯವಳನ್ನೂ ಯಾಕೆ ನಿಲ್ಲಿಸುತ್ತಿದ್ದರು? ಇಷ್ಟು ಯೋಚನೆ ಮಾಡಲಿಕ್ಕೂ ಪುರುಸೊತ್ತಿಲ್ಲವೇ?

ಈಗ ಸಾವಿರದಲ್ಲೊಂದರ ವಿಷಯ. ಯಂತ್ರಕ್ಕೆ ಅಳೆಯಲು ಬರುವುದಿಲ್ಲ ಅಂತಲ್ಲ. ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಸೆಟ್ ಗಡಿಯಾರ ಓಡುತ್ತಿರುತ್ತವೆ, ಅದರ ಮೇಲೆ ಕೈಯಲ್ಲಿ ಹಿಡಿದ ಗಡಿಯಾರದವರೂ ಇರುತ್ತಾರೆ. ಎಲೆಕ್ಟ್ರಾನಿಕ್ ಗಡಿಯಾರಗಳು ಸಾವಿರದಲ್ಲೊಂದನ್ನು ಆರಾಮಾಗಿ ಹಿಡಿಯುತ್ತವೆ. ಹಿಡಿದ ಮೇಲೆ ನಿಯಮದ ಪ್ರಕಾರ ಆ ಕೊನೆಯ ಅಂಕಿಯನ್ನು ಕತ್ತರಿಸಿ ಬಿಸಾಡುತ್ತಾರೆ. ಹತ್ತಿರದ ಅಂಕಿಗೆ ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. 65.219 ಇದ್ದರೂ 65.21, 65.210 ಇದ್ದರೂ 65.21. ಜೈಂಟ್ ಸ್ಲಾಲಮ್‌ನಲ್ಲಿ ಎರಡು ಸುತ್ತು ಇರುವುದರಿಂದ ಹೀಗೆ ಎರಡು ಸಲ ಕತ್ತರಿ ಬೀಳುತ್ತದೆ. ಲೆಕ್ಕ ಹಾಕಿ ನೋಡಿ: "ಸಮ" ಎಂದು ಬೋರ್ಡಿನ ಮೇಲೆ ಬಂದ ಇಬ್ಬರ ನಡುವೆ 0.018 ಸೆಕೆಂಡಿನವರೆಗೂ ವ್ಯತ್ಯಾಸ ಅಡಗಿರಬಹುದು. ಗಂಟೆಗೆ 60 ಕಿಲೋಮೀಟರ್ ವೇಗ ಅಂತ ಇಟ್ಟುಕೊಂಡರೆ ನೂರರಲ್ಲೊಂದು ಸೆಕೆಂಡಿನಲ್ಲಿ ಸುಮಾರು 17 ಸೆಂಟಿಮೀಟರ್ ಹೋಗುತ್ತಾರೆ, ಅಂದರೆ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ. 0.018ಕ್ಕೆ 30 ಸೆಂಟಿಮೀಟರ್. ಹೌದು, ಒಂದಡಿ ಹತ್ತಿರ ವ್ಯತ್ಯಾಸ ಇದ್ದರೂ ಇಬ್ಬರಿಗೂ ಮೊದಲ ಸ್ಥಾನ ಸಿಗಬಹುದು. ಈ ಮಾತು ಕೇಳಿದ ತಕ್ಷಣ "ನೋಡಿದ್ರಾ, ಅನ್ಯಾಯ" ಅಂತ ಕುಣಿಯಬೇಡಿ, ಮುಂದೆ ಓದಿ.

ಓಟದ ಪಂದ್ಯದಲ್ಲಿ ಎಂಟು ಜನ ಒಂದೇ ಗುಂಡಿನ ಸದ್ದಿಗೆ, ಒಂದೇ ಗಾಳಿಯಲ್ಲಿ, ಒಂದೇ ಟ್ರ್ಯಾಕಿನ ಮೇಲೆ ಓಡುತ್ತಾರೆ. ಕೊನೆಯಲ್ಲಿ ಒಂದು ಫೋಟೋ ತೆಗೆದರೆ ಯಾರ ಎದೆ ಮುಂದೆ ಅಂತ ಕಾಣುತ್ತದೆ. ಸ್ಕೀಯಲ್ಲಿ ಒಬ್ಬೊಬ್ಬರೇ ಇಳಿಯುತ್ತಾರೆ. ಮೂರನೆಯವಳು ಇಳಿಯುವಾಗ ಗಟ್ಟಿ ಇದ್ದ ಹಿಮ ಇಪ್ಪತ್ತನೆಯವಳು ಬರುವ ಹೊತ್ತಿಗೆ ಗೇಟಿನ ಬುಡದಲ್ಲಿ ಹೊಂಡ ಬಿದ್ದಿರುತ್ತದೆ. ಒಬ್ಬಳಿಗೆ ಎದುರು ಗಾಳಿ, ಇನ್ನೊಬ್ಬಳಿಗೆ ಇಲ್ಲ. ಒಬ್ಬಳಿಗೆ ಬಿಸಿಲು, ಒಬ್ಬಳಿಗೆ ಮಂಜು. ಕೊನೆಯ ಗೆರೆಯಲ್ಲಿ ಇರುವುದು ಒಂದು ಬೆಳಕಿನ ಕಿರಣ, ಅದನ್ನು ಕಾಲೋ ಕೈಯೋ ಸ್ಕೀಯೋ ಯಾವುದು ಮೊದಲು ಅಡ್ಡ ಬಂದರೂ ಸಮಯ ನಿಂತಿತು. ಇಷ್ಟೆಲ್ಲ ವ್ಯತ್ಯಾಸ ಇಟ್ಟುಕೊಂಡು, ಸುಮಾರು ಎರಡು ನಿಮಿಷದ ಸ್ಪರ್ಧೆಯಲ್ಲಿ, ಸಾವಿರದಲ್ಲೊಂದು ಸೆಕೆಂಡಿನಿಂದ, ಅಂದರೆ ಒಂದೂಮುಕ್ಕಾಲು ಸೆಂಟಿಮೀಟರಿನಿಂದ, ಇವಳು ಅವಳಿಗಿಂತ ಚೆನ್ನಾಗಿ ಸ್ಕೀ ಮಾಡಿದಳು ಅಂತ ಹೇಳುವುದು ನನ್ನ ಪ್ರಕಾರ ಸುಳ್ಳು. ಅಂಕಿಯಲ್ಲಿ ಬರೆದ ಸುಳ್ಳು, ಅದಕ್ಕೇ ಜನ ನಂಬುತ್ತಾರೆ.

"ಆದರೆ ಲ್ಯೂಜ್ ಆಟದಲ್ಲಿ, ಆ ಮಲಗಿಕೊಂಡು ಜಾರುಬಂಡಿಯಲ್ಲಿ ಇಳಿಯುವ ಆಟದಲ್ಲಿ, ಸಾವಿರದಲ್ಲೊಂದು ನೋಡುತ್ತಾರಲ್ಲ" ಎಂದು ಪ್ರತಿ ವರ್ಷ ಒಬ್ಬರು ಬರೆಯುತ್ತಾರೆ. ನೋಡುತ್ತಾರೆ, ಸರಿ. ಅಲ್ಲಿ ಕಟ್ಟಿದ ಮಂಜುಗಡ್ಡೆಯ ಕಾಲುವೆ ಇದೆ, ದಾರಿ ಒಂದೇ. ಅದನ್ನು ತಂದು ಬೆಟ್ಟದ ಇಳಿಜಾರಿಗೆ ಹೋಲಿಸಬೇಡಿ.

ಹೋಲಿಸಲೇಬೇಕು ಅಂದರೆ ಈಜನ್ನು ತೆಗೆದುಕೊಳ್ಳಿ. 1972ರ ಮ್ಯೂನಿಕ್ ಒಲಿಂಪಿಕ್ಸ್, 400 ಮೀಟರ್ ಮೆಡ್ಲೆ. ಸ್ವೀಡನ್ನಿನ ಗುನ್ನಾರ್ ಲಾರ್ಸನ್, ಅಮೆರಿಕದ ಟಿಮ್ ಮೆಕೀ. ನೂರರಲ್ಲೊಂದರವರೆಗೆ ಇಬ್ಬರೂ ಸಮ. ಸಾವಿರದಲ್ಲೊಂದು ನೋಡಿ 0.002 ಸೆಕೆಂಡಿನಿಂದ ಲಾರ್ಸನ್‌ಗೆ ಚಿನ್ನ ಕೊಟ್ಟರು. ಆ ವೇಗದಲ್ಲಿ 0.002 ಸೆಕೆಂಡ್ ಅಂದರೆ ಸುಮಾರು 3 ಮಿಲಿಮೀಟರ್. ಕೊಳದ ಎರಡು ಲೇನುಗಳ ಉದ್ದವೇ ಅದಕ್ಕಿಂತ ಜಾಸ್ತಿ ಹೆಚ್ಚುಕಮ್ಮಿ ಇರಬಹುದು! ಆಮೇಲೆ ಈಜಿನವರು ನಿಯಮ ಬದಲಿಸಿ ನೂರರಲ್ಲೊಂದಕ್ಕೆ ನಿಂತರು. ಅದಕ್ಕೇ 2016ರಲ್ಲಿ ರಿಯೋದಲ್ಲಿ 100 ಮೀಟರ್ ಬಟರ್‌ಫ್ಲೈನಲ್ಲಿ ಅಮೆರಿಕದ ಮೈಕೆಲ್ ಫೆಲ್ಪ್ಸ್ ಸೇರಿ ಮೂವರಿಗೆ ಬೆಳ್ಳಿ ಬಂತು. ಆಗ ಯಾರೂ ಮೋಸ ಅನ್ನಲಿಲ್ಲ. ಫೆಲ್ಪ್ಸ್ ಆದರೆ ಸರಿ, ಹಿಮದ ಮೇಲಿನ ಹುಡುಗಿಯರಾದರೆ ಅನುಮಾನ, ಅಲ್ವಾ?

ನನಗೆ ಇದರಲ್ಲಿ ಇಷ್ಟು ಸಿಟ್ಟು ಯಾಕೆ ಅಂದರೆ, ಒಮ್ಮೆ ನಾನೇ ಇಂಥ ತಪ್ಪು ಮಾಡಿದ್ದೇನೆ. ಒಂದು ಶಾಲಾ ಕ್ರೀಡಾಕೂಟ, ಹುಡುಗಿಯರ ನೂರು ಮೀಟರ್. ಇಬ್ಬರು ಒಟ್ಟಿಗೇ ಬಂದರು, ಕಣ್ಣಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಕೈ ಗಡಿಯಾರದಲ್ಲಿ ಒಬ್ಬಳದು ಹತ್ತರಲ್ಲೊಂದು ಸೆಕೆಂಡ್ ಕಡಿಮೆ ಇತ್ತು. ಬರೆದುಕೊಟ್ಟೆ. ಅವಳು ಮುಂದಿನ ಕೂಟಕ್ಕೆ ಹೋದಳು, ಇನ್ನೊಬ್ಬಳು ಬಸ್ಸು ಹತ್ತಿ ಊರಿಗೆ ಹೋದಳು. ರಾತ್ರಿ ಮಲಗಿದಾಗ ಹೊಳೆಯಿತು, ನನ್ನ ಹೆಬ್ಬೆರಳು ಗುಂಡಿ ಒತ್ತುವುದರಲ್ಲೇ ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಆ ಹತ್ತರಲ್ಲೊಂದು ಹುಡುಗಿಯ ಕಾಲಿನದ್ದಲ್ಲ, ನನ್ನ ಬೆರಳಿನದ್ದು. ಹಾಗಾಗಿ ಯಂತ್ರ ಎಷ್ಟು ಅಂಕಿ ತೋರಿಸುತ್ತದೆ ಅಂತ ಮಾತ್ರ ಕೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಮತ್ತೆ ಸೋಲ್ಡೆನ್‌ಗೆ ಬನ್ನಿ. ಸಮ ಆದರೆ ಯಾರಿಗೂ ಅರ್ಧ ಅಂಕ ಇಲ್ಲ. ಗೆದ್ದವರಿಗೆ ಸಿಗುವ ವಿಶ್ವಕಪ್ ಅಂಕ ಮೂವರಿಗೂ ತಲಾ 100, ಪೂರ್ತಿ. ಎರಡು, ಮೂರನೇ ಸ್ಥಾನ ಖಾಲಿ. ಅವರ ಹಿಂದೆ ಬಂದವಳು ನಾಲ್ಕನೆಯವಳು, ಅವಳಿಗೆ 50. ಅನ್ಯಾಯ ಆಗಿದ್ದರೆ ಅವಳಿಗೆ ಅಂತ ಬೇಕಾದರೆ ಹೇಳಿ, ಒಪ್ಪುತ್ತೇನೆ. ಎದುರಿಗೆ ಒಬ್ಬಳೇ ಇದ್ದಿದ್ದರೆ 80 ಸಿಗುತ್ತಿತ್ತು.

ಆ ಮೂವರು ಅದೃಷ್ಟದಿಂದ ಗೆದ್ದವರು ಅನ್ನುವವರಿಗೆ ಇನ್ನೊಂದು ಮಾತು. ಹೊಸ್ಪ್ 2007ರಲ್ಲಿ ಒಟ್ಟಾರೆ ವಿಶ್ವಕಪ್, ಅಂದರೆ ಇಡೀ ಋತುವಿನ ಅಂಕ ಕೂಡಿಸಿ ಕೊಡುವ ಪ್ರಶಸ್ತಿ, ಗೆದ್ದಳು. ಮಾಝೆ 2012ರ ಅಕ್ಟೋಬರ್‌ನಲ್ಲಿ ಇದೇ ಸೋಲ್ಡೆನ್‌ನಲ್ಲಿ, ಈ ಸಲ ಒಬ್ಬಳೇ, ಗೆದ್ದು ಶುರು ಮಾಡಿದ ಋತುವನ್ನು 2414 ಅಂಕಗಳೊಂದಿಗೆ ಮುಗಿಸಿದಳು. ಅದಕ್ಕೂ ಮೊದಲು ಒಂದೇ ಋತುವಿನಲ್ಲಿ ಯಾರೂ ಅಷ್ಟು ಅಂಕ ಮಾಡಿರಲಿಲ್ಲ. ಮಜಾ ಏನೆಂದರೆ 2014ರ ಸೋಚಿ ಒಲಿಂಪಿಕ್ಸ್ ಡೌನ್‌ಹಿಲ್‌ನಲ್ಲಿ (ಒಂದೇ ಸುತ್ತಿನ, ವೇಗದ ಇಳಿತ) ಮಾಝೆ ಮತ್ತೆ ಸಮ: ಸ್ವಿಟ್ಜರ್ಲೆಂಡಿನ ಡೊಮಿನಿಕ್ ಗೀಸಿನ್ ಜೊತೆ 1 ನಿಮಿಷ 41.57 ಸೆಕೆಂಡ್, ಇಬ್ಬರಿಗೂ ಚಿನ್ನ. ಪದಕ ಕೊಡುವಾಗ ಇಬ್ಬರೂ ಕೈ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಗೆದ್ದವರಿಗೇ ತಕರಾರಿಲ್ಲ, ನಿಮಗ್ಯಾಕೆ?

ಅದೇ 2014ರ ಅಕ್ಟೋಬರ್ 25ರಂದು ಸೋಲ್ಡೆನ್‌ನಲ್ಲಿ ಇನ್ನೊಮ್ಮೆ ಸಮ ಆಯಿತು, ಈ ಸಲ ಇಬ್ಬರು. ಆಸ್ಟ್ರಿಯಾದ ಆನಾ ಫೆನಿಂಗರ್, ಅಮೆರಿಕದ ಮಿಕೇಲಾ ಶಿಫ್ರಿನ್. ಶಿಫ್ರಿನ್‌ಗೆ ಅದು ಜೈಂಟ್ ಸ್ಲಾಲಮ್‌ನ ಮೊದಲ ವಿಶ್ವಕಪ್ ಗೆಲುವು. ಇನ್ನು "ಆಸ್ಟ್ರಿಯಾದವರಿಗೆ ಅನುಕೂಲ ಮಾಡಿಕೊಡುತ್ತಾರೆ" ಎನ್ನುವವರು ಕೇಳಿಸಿಕೊಳ್ಳಿ: ಫೆನಿಂಗರ್ ಆದ ಮೇಲೆ ಸೋಲ್ಡೆನ್‌ನಲ್ಲಿ ಇನ್ನೊಬ್ಬ ಆಸ್ಟ್ರಿಯಾದ ಹೆಣ್ಣುಮಗಳು ಗೆಲ್ಲಲು 11 ವರ್ಷ ಹಿಡಿಯಿತು. 2025ರಲ್ಲಿ ಜೂಲಿಯಾ ಶೈಬ್ ಗೆದ್ದಳು. ಇದು ಯಾವ ಸೀಮೆ ಅನುಕೂಲ?

ಪ್ರಶ್ನೆ: ಹೆಂಗಸರಿಗೆ ಸುಲಭದ ಇಳಿಜಾರು ಕೊಡುತ್ತಾರಂತೆ?

ಉತ್ತರ: ಇಲ್ಲ. ಅದೇ ಬೆಟ್ಟ, ಅದೇ ಕಡಿದಾದ ಗೋಡೆ, ಒಂದು ದಿನ ಮುಂಚೆ. ರೇಸ್ ಶುರುವಾಗುವ ಜಾಗದಲ್ಲಿ ನಿಂತು ಕೆಳಗೆ ನೋಡಿ, ಆಮೇಲೆ ಸುಲಭ ಅನ್ನಿ.

ಪ್ರಶ್ನೆ: ಈ ರೇಸ್ ಎಷ್ಟು ಹಳೆಯದು? ನೂರು ವರ್ಷ ಅಂತ ಓದಿದೆ.

ಉತ್ತರ: ಯಾವುದೋ ಬೇರೆ ರೇಸ್ ಇರಬೇಕು. ಸೋಲ್ಡೆನ್‌ನಲ್ಲಿ ಮೊದಲ ವಿಶ್ವಕಪ್ 1993ರ ಅಕ್ಟೋಬರ್‌ನಲ್ಲಿ, ಹೆಂಗಸರಲ್ಲಿ ಗೆದ್ದವಳು ಆಸ್ಟ್ರಿಯಾದ ಅನೀಟಾ ವಾಖ್ಟರ್. ನಡುವೆ ಕೆಲವು ವರ್ಷ ತಪ್ಪಿತು, 2000ದಿಂದ ಖಾಯಂ ಆಯಿತು. ಆದರೂ ಹವಾಮಾನ ಬಿಡಬೇಕಲ್ಲ: 2006ರಲ್ಲಿ ನಡೆಯಲೇ ಇಲ್ಲ, 2022ರಲ್ಲಿ ಹೆಂಗಸರದ್ದು ರದ್ದಾಯಿತು. ಮೂರು ಸಾವಿರ ಮೀಟರ್ ಎತ್ತರದಲ್ಲೂ ಅಕ್ಟೋಬರ್‌ನಲ್ಲಿ ಹಿಮವನ್ನು ನಂಬಿ ಕೂರಲು ಆಗುವುದಿಲ್ಲ. ಈ ರೇಸನ್ನು ತಡವಾಗಿ ಇಡಬೇಕು ಅನ್ನುವವರ ಪಕ್ಷ ನಾನು. ಸ್ಕೀ ಮಾರುವ ಕಂಪನಿಗಳಿಗೆ ಋತು ಬೇಗ ಶುರುವಾದರೆ ವ್ಯಾಪಾರ, ನನಗೇನೂ ಲಾಭ ಇಲ್ಲ.

ಪ್ರಶ್ನೆ: ಸ್ಕೀ ತಳಕ್ಕೆ ಒಳ್ಳೆ ಮೇಣ ಹಚ್ಚಿದರೆ ಯಾರು ಬೇಕಾದರೂ ಗೆಲ್ಲಬಹುದು, ಹೌದಾ? ಆನ್‌ಲೈನಿನಲ್ಲಿ ಒಬ್ಬರು "ಚಾಂಪಿಯನ್ ಮೇಣ" ಮಾರುತ್ತಿದ್ದಾರೆ.

ಉತ್ತರ: ತಗೊಳ್ಳಿ, ಮನೆ ಬಾಗಿಲ ಕೀಲಿಗೆ ಹಚ್ಚಿ, ಕಿರಗುಟ್ಟುವುದು ನಿಂತರೂ ನಿಲ್ಲಬಹುದು. ಹಿಂದೆ ಫ್ಲೋರಿನ್ ಇರುವ ಮೇಣದಿಂದ ನಿಜವಾಗಿ ಅನುಕೂಲ ಆಗುತ್ತಿತ್ತು. ಆದರೆ ಅದು ಪರಿಸರಕ್ಕೂ ಮೇಣ ಹಚ್ಚುವವರ ಶ್ವಾಸಕೋಶಕ್ಕೂ ಕೆಟ್ಟದ್ದು, ಹಾಗಾಗಿ 2023–24ರ ಋತುವಿನಿಂದ ಪೂರ್ತಿ ನಿಷೇಧ. ಮೊದಲ ಏಟು ಬಿದ್ದದ್ದೂ ಸೋಲ್ಡೆನ್‌ನಲ್ಲೇ. 2023ರ ಅಕ್ಟೋಬರ್‌ನಲ್ಲಿ ನಾರ್ವೆಯ ರಾಗ್ನಿಲ್ಡ್ ಮೊವಿಂಕೆಲ್ ಸ್ಕೀಯಲ್ಲಿ ಫ್ಲೋರಿನ್ ಕಂಡು ಅವರನ್ನು ಅನರ್ಹಗೊಳಿಸಿದರು. ಹಾಗಂತ ಅವರನ್ನು ಮೋಸಗಾತಿ ಅನ್ನಬೇಡಿ. ಯಂತ್ರ ಹೇಳುವುದು ಸ್ಕೀಯ ಮೇಲೆ ಏನಿದೆ ಅಂತ, ಯಾರು ಯಾಕೆ ಹಚ್ಚಿದರು ಅಂತಲ್ಲ.

ಪ್ರಶ್ನೆ: ನಮ್ಮ ಕೊಡಗಿನ ಭವಾನಿ ಸೋಲ್ಡೆನ್‌ನಲ್ಲಿ ಯಾವಾಗ ಇಳಿಯುತ್ತಾರೆ?

ಉತ್ತರ: ಇಳಿಯುವುದಿಲ್ಲ. ಭವಾನಿ ತೆಕ್ಕಡ ನಂಜುಂಡ ಅವರದ್ದು ಕ್ರಾಸ್ ಕಂಟ್ರಿ, ಏರು ಹತ್ತಿ ಇಳಿದು ಕಿಲೋಮೀಟರುಗಟ್ಟಲೆ ಹೋಗುವ ಬೇರೆಯೇ ಆಟ, ಸ್ಕೀಯೂ ಬೇರೆ, ಬೂಟೂ ಬೇರೆ. ಬಾಕ್ಸಿಂಗ್‌ನವರನ್ನು ಕುಸ್ತಿ ಯಾವಾಗ ಅಂತ ಕೇಳಿದ ಹಾಗಾಯಿತು. ಅಂದಹಾಗೆ ಆ ಆಟದಲ್ಲೂ 1980ರ ಒಲಿಂಪಿಕ್ಸ್‌ನಲ್ಲಿ 15 ಕಿಲೋಮೀಟರ್ ಓಟದ ಚಿನ್ನ ನೂರರಲ್ಲೊಂದು ಸೆಕೆಂಡಿನಲ್ಲಿ ತೀರ್ಮಾನವಾಯಿತು. ಆ ಆಟದವರು ನನಗಿಂತ ಬುದ್ಧಿವಂತರು, ಆಮೇಲೆ ಹತ್ತರಲ್ಲೊಂದು ಸಾಕು ಅಂದರು.

ಪ್ರಶ್ನೆ: ಮೂರು ದಿನದ ಸ್ಕೀ ಪ್ಯಾಕೇಜ್ ಮುಗಿಸಿದರೆ ಮಗಳನ್ನು ರೇಸಿಗೆ ತಯಾರು ಮಾಡುತ್ತೇವೆ ಅನ್ನುತ್ತಿದ್ದಾರೆ. ಕಳಿಸಲೇ?

ಉತ್ತರ: ರಜೆಗೆ ಕಳಿಸಿ. ರೇಸಿಗೆ ಅಂತ ಒಂದು ರೂಪಾಯಿಯನ್ನೂ ಕೊಡಬೇಡಿ. 2019ರಲ್ಲಿ ನ್ಯೂಜಿಲೆಂಡಿನ ಆಲಿಸ್ ರಾಬಿನ್ಸನ್ 17ನೇ ವಯಸ್ಸಿಗೆ ಸೋಲ್ಡೆನ್‌ನಲ್ಲಿ ಶಿಫ್ರಿನ್‌ಗಿಂತ 0.06 ಸೆಕೆಂಡ್ ಮುಂದೆ ಬಂದು ಗೆದ್ದಳು. ಅವಳು ಮೂರು ದಿನದಲ್ಲಿ ಕಲಿತವಳಲ್ಲ, ಸಣ್ಣ ಮಗುವಾಗಿದ್ದಾಗಿನಿಂದ ಹಿಮದ ಮೇಲೆ ಇದ್ದವಳು. ಮಗಳ ಮೊಣಕಾಲು ಮುರಿದುಕೊಂಡು ಬಂದರೆ ಪ್ಯಾಕೇಜಿನವರು ಫೋನ್ ಎತ್ತುವುದಿಲ್ಲ.

ಪ್ರಶ್ನೆ: 2002ರ ರೇಸ್ 26ನೇ ತಾರೀಕು. 2+6=8, ಶನಿಯ ಸಂಖ್ಯೆ, ಅದೂ ಶನಿವಾರ. ಹಾಗಾಗಿ ಮೂವರು ಸಮ ಆದರು ಅಂತ ನಮ್ಮ ಸಂಖ್ಯಾಶಾಸ್ತ್ರದವರು ಹೇಳಿದರು. ಈ ಸಲ ಯಾವ ಬಿಬ್ ನಂಬರ್ (ಸ್ಪರ್ಧಿಯ ಎದೆ ಮೇಲಿನ ಸಂಖ್ಯೆ) ಗೆಲ್ಲುತ್ತದೆ ಅಂತಲೂ ಹೇಳುತ್ತಾರಂತೆ.

ಉತ್ತರ: ಹೆಂಗಸರ ರೇಸ್ ಅಲ್ಲಿ ಶನಿವಾರವೇ ಇಡುವುದು ವಾಡಿಕೆ. ಮುಂಚೂಣಿಯವರ ಬಿಬ್ ನಂಬರನ್ನು ಚೀಟಿ ಎತ್ತಿ ಕೊಡುತ್ತಾರೆ. ಅವರಿಗೆ ಎಷ್ಟು ದುಡ್ಡು ಕೊಟ್ಟಿರಿ?