ಜೋಳ ಬೀಸುವ ಗಿರಣಿಯಲ್ಲೇ ಬಿಯರಿನ ಮಾಲ್ಟ್ ಒಡೆಯಬಹುದೇ?

ಬೇಡ್ರಿ. ವಿಜಯಪುರದ ಮನೆಗೆ ಹಿಟ್ಟಿನ ಗಿರಣಿ ಕೊಂಡು, ರೊಟ್ಟಿಗೆ ಜೋಳ, ಬಿಯರಿಗೆ ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಎರಡನ್ನೂ ಅದರಲ್ಲೇ ಹಾಕಬಹುದೇ ಎಂದು ಕೇಳಿದ್ದೀರಿ. ಎರಡರ ಹದವೇ ಬೇರೆ. ರೊಟ್ಟಿ ಬಡಿಯಲು ಹಿಟ್ಟು ನುಣ್ಣಗಿರಬೇಕು. ಮಾಲ್ಟ್ ನುಚ್ಚಿನಂತೆ ಒಡೆಯಬೇಕು: ಒಳಗಿನ ತಿರುಳು ನಾಲ್ಕಾರು ಚೂರಾಗಿ, ಮೇಲಿನ ಹೊಟ್ಟು ಆದಷ್ಟೂ ಇಡಿಯಾಗಿ ಉಳಿಯಬೇಕು. ಆಮೇಲೆ ಒಡೆದ ಮಾಲ್ಟನ್ನು ಬಿಸಿನೀರಲ್ಲಿ ನೆನೆಸಿ ತೆಗೆಯುವ ಸಿಹಿ ರಸ ಸೋಸುವ ಜರಡಿಯೇ ಆ ಹೊಟ್ಟು. ಮನೆಗಿರಣಿಯ ಬ್ಲೇಡು ಅದನ್ನೂ ಪುಡಿ ಮಾಡುತ್ತದೆ. ಬಿಸಿನೀರು ಬಿದ್ದ ಕೂಡಲೇ ಅಂಬಲಿಯಂತೆ ಗಟ್ಟಿಯಾಗಿ ರಸ ಕೆಳಗಿಳಿಯುವುದೇ ಇಲ್ಲ.

ಎರಡು ರೋಲರಿನ, ನಡುವಿನ ಸಂದು ಹೆಚ್ಚುಕಡಿಮೆ ಮಾಡಲು ಬರುವ ಗಿರಣಿ ತಗೊಳ್ಳಿ. ಸಂದು ಸುಮಾರು 1 ಮಿ.ಮೀ. ಇರಲಿ. ಅಳತೆಗೆ ಎಟಿಎಂ ಕಾರ್ಡು ಸಾಕು. ಅದರ ದಪ್ಪ 0.76 ಮಿ.ಮೀ., ಸಲೀಸಾಗಿ ತೂರಬೇಕು. ಮೊದಲು ಒಂದೇ ಹಿಡಿ ಹಾಕಿ, ಅಂಗೈಯಲ್ಲಿ ಹರಡಿ ನೋಡಿ. ಇಡೀ ಕಾಳು ಕಂಡರೆ ಸಂದು ಕಿರಿದು ಮಾಡಿ, ಬೆರಳಿಗೆ ಹಿಟ್ಟು ಅಂಟಿದರೆ ಅಗಲಿಸಿ. ಕೈಯಿಂದ ತಿರುಗಿಸುವುದೇ ಸಾಕು, ಮೋಟರಿಗೆ ದುಡ್ಡು ಸುರಿಯಬೇಡಿ.

ಅಂದಹಾಗೆ, 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಗಿರಣಿಗಿಂತ ಮೊದಲು ಅದನ್ನು ವಿಚಾರಿಸಿ. ಜೋಳ ಹೇಗೂ ಓಣಿಯ ಗಿರಣಿಯಲ್ಲಿ ಬೀಸಿಸಬಹುದಲ್ಲ!