ಹ್ಯೂಸ್ಟನ್‌ಗೆ ಬರುವ ಮುಂಚೆ, ಮಳೆಯ ಬಗ್ಗೆ ಎರಡು ಮಾತು

ನೆಲ ಹತ್ತಿದ ಮೇಲೆ ಚಂಡಮಾರುತದ ಬಲ ಕುಗ್ಗುತ್ತದೆ, ಹ್ಯೂಸ್ಟನ್ ಕಡಲಿಂದ ಒಳಗಿದೆ, ಮಳೆಯಂತೂ ತೀರ್ಥಹಳ್ಳಿಯವರಿಗೆ ಹೊಸದಲ್ಲ, ಮತ್ತೇಕೆ ಎಲ್ಲರೂ ಹೆದರಿಸುತ್ತಾರೆ ಅಂತ ಕೇಳಿದ್ದೀರಿ. ಬಂದ ಹೊಸದರಲ್ಲಿ ನನಗೂ ಇದೇ ಧೈರ್ಯ. ಹುಬ್ಬಳ್ಳಿಯವನು ನಾನು, ಸಮುದ್ರವನ್ನೇ ಸರಿಯಾಗಿ ನೋಡಿರಲಿಲ್ಲ!

ನೀವು ಹೇಳಿದ್ದು ಅರ್ಧ ನಿಜ. ಚಂಡಮಾರುತ ಬೆಳೆಯುವುದು ಬೆಚ್ಚಗಿನ ನೀರಿನಿಂದ, ಸುಮಾರು 26.5 ಡಿಗ್ರಿಯಾದರೂ ಬೇಕು. ಆಗಸ್ಟ್‌ನಲ್ಲಿ ಮೆಕ್ಸಿಕೋ ಕೊಲ್ಲಿ ಅದಕ್ಕಿಂತ ಜಾಸ್ತಿಯೇ ಕಾದಿರುತ್ತದೆ. 2017ರ ಹಾರ್ವೆ ಚಂಡಮಾರುತ ಮೆಕ್ಸಿಕೋದ ಯುಕಟಾನ್ ಪರ್ಯಾಯದ್ವೀಪ ದಾಟುವಾಗ ಚದುರಿಹೋಗಿತ್ತು. ಕೊಲ್ಲಿಗೆ ಇಳಿದಿದ್ದೇ ತಡ, ಕೆಲವೇ ದಿನಗಳಲ್ಲಿ ಐದು ದರ್ಜೆಗಳಲ್ಲಿ 4ನೇ ದರ್ಜೆಗೆ ಏರಿ ಆಗಸ್ಟ್ 25ರ ರಾತ್ರಿ ಟೆಕ್ಸಾಸ್ ಕರಾವಳಿಯ ರಾಕ್‌ಪೋರ್ಟ್ ಹತ್ತಿರ ದಡ ಮುಟ್ಟಿತು. ಕೆಳಗೆ ಬೆಚ್ಚಗಿನ ಕಡಲಿಲ್ಲದೆ ಮರುದಿನವೇ ಗಾಳಿ ತಗ್ಗಿತು.

ಆದರೆ ಅದು ಹೊರಡಲಿಲ್ಲ. ಚಂಡಮಾರುತ ಹೋಗುವುದು ಮೇಲಿನ ಗಾಳಿ ತಳ್ಳಿದ ಕಡೆಗೆ. ಆ ಸಲ ಎರಡೂ ಬದಿಗೆ ಗಾಳಿಯ ಅಧಿಕ ಒತ್ತಡ, ತಳ್ಳುವ ಗಾಳಿಯೇ ಇಲ್ಲ. ಟೆಕ್ಸಾಸ್ ಅಂಚಿನಲ್ಲೇ ಠಿಕಾಣಿ ಹೂಡಿ, ಕೊಲ್ಲಿಯಿಂದ ತೇವ ಎಳೆದೆಳೆದು ಸುರಿಯಿತು. ಇಲ್ಲಿನ ನೆದರ್‌ಲ್ಯಾಂಡ್ ಎಂಬ ಊರಲ್ಲಿ ಕೆಲವೇ ದಿನಗಳಲ್ಲಿ 1,500 ಮಿಲಿಮೀಟರ್ ದಾಟಿತು. ಆಗುಂಬೆಯಲ್ಲಿ ಜುಲೈ ಇಡೀ ಸುರಿದರೆ ಅದಕ್ಕಿಂತ ಜಾಸ್ತಿ ಆಗುತ್ತದೆ, ಗೊತ್ತು. ಅಲ್ಲಿ ಇಳಿಜಾರಿದೆ, ಹೊತ್ತೊಯ್ಯಲು ಹೊಳೆಗಳಿವೆ. ಇಲ್ಲಿ ನೆಲ ಚಪ್ಪಟೆ, ಮೇಲಾಗಿ ಜೇಡಿಮಣ್ಣು.

ನಮ್ಮ ಬೀದಿಯಲ್ಲಿ ಹೇಳಿಕೊಳ್ಳುವಂಥ ಗಾಳಿಯೇ ಇರಲಿಲ್ಲ. ನೀರು ಮೊದಲು ಕಂಡಿದ್ದು ಬಚ್ಚಲಿನ ತೂತಿನಲ್ಲಿ, ಬುಳುಬುಳು ಅಂತ. ಬೆಳಗಾಗುವಷ್ಟರಲ್ಲಿ ಕಾರ್ಪೆಟ್ ಮೇಲೆ ಮೊಣಕಾಲುದ್ದ. ಕೆಳಗಿನ ಕಪಾಟಿನಲ್ಲಿದ್ದ ಅಮ್ಮನ ಇಳಕಲ್ ಸೀರೆಗಳು ನೆನೆದು, ಕೆಂಪು ಹಸಿರಿಗೆ ಹತ್ತಿ, ಎಲ್ಲ ಒಂದೇ ಮಣ್ಣು ಬಣ್ಣ. ಸೋಫಾ, ಟಿವಿ ಮತ್ತೆ ಬಂದವು. ಅಮ್ಮ ಇಲ್ಲದ ಮೇಲೆ ಆ ಸೀರೆಗಳು ಎಲ್ಲಿಂದ ಬರಬೇಕು?

ಶಾಲೆ, ಕಾರು, ಅಕ್ಕಿ-ಬೇಳೆ ಅಂಗಡಿ ಬಗ್ಗೆ ಯೋಚಿಸಬೇಡಿ. ಎಲ್ಲ ಸಿಗುತ್ತದೆ, ಜೋಳದ ಹಿಟ್ಟೂ ಸಿಗುತ್ತದೆ. ಬಾಡಿಗೆಗೆ ಮೇಲಿನ ಮಹಡಿ ನೋಡಿ. ನೆರೆ ಬರಬಹುದಾದ ಜಾಗ ತೋರಿಸುವ ಸರ್ಕಾರಿ ನಕ್ಷೆಯನ್ನು ಪೂರ್ತಿ ನಂಬಬೇಡಿ, ಆ ಸಲ ನಕ್ಷೆಯ ಹೊರಗಿನ ಮನೆಗಳೂ ಎಷ್ಟೋ ಮುಳುಗಿದವು. ಮುಂದೆ ಸ್ವಂತ ಮನೆ ಮಾಡಿದರೆ, ಮಾಮೂಲಿ ಮನೆ ವಿಮೆಯಲ್ಲಿ ನೆರೆ ಸೇರುವುದಿಲ್ಲ. ಅದನ್ನು ಬೇರೆಯಾಗಿ ಮಾಡಿಸಬೇಕು. ಸರ್ಕಾರಿ ನೆರೆ ವಿಮೆ ಸಾಮಾನ್ಯವಾಗಿ 30 ದಿನ ಕಳೆದ ಮೇಲೇ ಜಾರಿಗೆ ಬರುವುದು. ಟಿವಿಯಲ್ಲಿ ಚಂಡಮಾರುತದ ಹೆಸರು ಕೇಳಿದ ಮೇಲೆ ಓಡಿದರೆ ಪ್ರಯೋಜನವಿಲ್ಲ.

ಮುಂಗಡ ಕೊಡುವ ಮುಂಚೆ ವಿಳಾಸ ಕಳಿಸಿ. ಆ ಬೀದಿಯಲ್ಲಿ 2017ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಅಲ್ಲಿನವರನ್ನು ಕೇಳಿ ಹೇಳುತ್ತೇನೆ.