ರಾಣಿ ಎಫ್7ಕ್ಕೆ ಹೋದರೆ ಯಾಕೆ ತಪ್ಪು?

ನಿಮ್ಮ ಚೆಸ್ ಪಜಲ್‌ನಲ್ಲಿ ಬಿಳಿ ರಾಣಿ ಸಿ4, ಕುದುರೆ ಎಚ್6. ಕಪ್ಪು ರಾಜ ಎಚ್8, ಆನೆ ಡಿ8, ರಾಣಿ ಬಿ6, ಕಾಲಾಳು ಜಿ7, ಎಚ್7. ನೀವು ಆಡಿದ ರಾಣಿ ಎಫ್7 ಬರೀ ಬೆದರಿಕೆ, ಚೆಕ್ ಅಲ್ಲ. ಕಪ್ಪು ಆರಾಮಾಗಿ ಕುದುರೆಯನ್ನು ಹೊಡೆಯುತ್ತದೆ, ಆಟ ಮುಗಿಯಿತು.

ಸರಿಯಾದ ನಡೆ ರಾಣಿ ಜಿ8, ಚೆಕ್! ಎಚ್6ರ ಕುದುರೆಯ ಕಾವಲಿರುವುದರಿಂದ ರಾಜ ಹೊಡೆಯುವಂತಿಲ್ಲ, ಆನೆಯೇ ಹೊಡೆಯಬೇಕು. ಈಗ ರಾಜನ ಮೂರೂ ಮನೆ ಅವನದೇ ಕಾಯಿಗಳಿಂದ ಭರ್ತಿ. ಕುದುರೆ ಎಫ್7, ಚೆಕ್‌ಮೇಟ್. (ಈ ಮೇಟ್‌ಗೆ ಫ್ರೆಂಚ್ ಆಟಗಾರ ಫಿಲಿಡಾರ್ ಹೆಸರು ಅಂಟಿಕೊಂಡಿದ್ದರೂ ಸ್ಪೇನ್‌ನ ಚೆಸ್ ಲೇಖಕ ಲುಸೇನಾ ಇದನ್ನು 1497ರಲ್ಲೇ ದಾಖಲಿಸಿದ್ದ.)

ರಾಣಿ ಕೊಡುವ ಮುಂಚೆ ಎಫ್7ಕ್ಕೆ ಯಾರ ಕಾವಲಿದೆ ನೋಡಿ. ಕಪ್ಪು ರಾಣಿ ಸಿ7ರಲ್ಲಿದ್ದು ಸಾಲು ಖಾಲಿಯಿದ್ದರೆ ಎಫ್7ಕ್ಕೆ ಬಂದ ಕುದುರೆಯನ್ನೂ ಹೊಡೆದುಬಿಡುತ್ತಿತ್ತು.